ಗಿಡ ಹಸಿರಾಯಿತು, ಸರಿ. ಕ್ಯಾಡ್ಮಿಯಂ ಎಲ್ಲಿ ಹೋಯಿತು?

ಎಂಎಸ್ಸಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ನನ್ನ ಕೈಗೆ ಬಂದಿದ್ದು ಒಂದು ಡಬ್ಬಿ ಮಣ್ಣು. ವಿದ್ಯುತ್ತಿನಿಂದ ಲೋಹದ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕವೊಂದರ ಕೊಳಚೆ ನೀರು ವರ್ಷಗಟ್ಟಲೆ ಹರಿದ ಜಾಗದ ಮಣ್ಣು ಅದು. ಅಲ್ಲಿ ಹುಲ್ಲು ಕೂಡ ಸರಿಯಾಗಿ ಬೆಳೆದಿರಲಿಲ್ಲ. ಒಂದು ಗ್ರಾಂ ಮಣ್ಣನ್ನು ನೀರಿನಲ್ಲಿ ಕದಡಿ, ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳು ಮಾಡಿ, ಕ್ಯಾಡ್ಮಿಯಂ ಬೆರೆಸಿದ ಅಗರ್ ಪ್ಲೇಟಿನ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ತಟ್ಟೆ) ಮೇಲೆ ಸವರಿ ಇನ್‌ಕ್ಯುಬೇಟರಿನಲ್ಲಿ ಇಟ್ಟೆ. ಏನೂ ಬರುವುದಿಲ್ಲ ಅಂದುಕೊಂಡಿದ್ದೆ. ಎರಡು ದಿನ ಬಿಟ್ಟು ತೆಗೆದು ನೋಡಿದರೆ ಪ್ಲೇಟಿನ ತುಂಬ ಚುಕ್ಕಿಗಳು, ಒಂದೊಂದೂ ಬ್ಯಾಕ್ಟೀರಿಯಾಗಳ ಗುಂಪು. ಕೆಲವು ಹಾಲಿನ ಬಣ್ಣ, ಕೆಲವು ಹಳದಿ. ಮನುಷ್ಯರ ಮೂತ್ರಪಿಂಡ ಕೆಡಿಸುವ ಲೋಹದ ಮೇಲೆ ಅವು ಆರಾಮಾಗಿ ಬೆಳೆದಿದ್ದವು.

ಇದನ್ನು ಯಾರಿಗೇ ಹೇಳಿದರೂ ಮೊದಲು ಕೇಳುವ ಪ್ರಶ್ನೆ ಒಂದೇ. "ಅಂದ್ರೆ ಅವು ಲೋಹ ತಿಂದು ಖಾಲಿ ಮಾಡ್ತವಾ?"

ಇಲ್ಲ, ಮಾಡುವುದಿಲ್ಲ. ಈ ಪ್ರಶ್ನೆಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮಾಲಿನ್ಯ ತಿನ್ನುವ ಬ್ಯಾಕ್ಟೀರಿಯಾ, ಬೆಳೆಗೂ ಒಳ್ಳೆಯದು ಎಂಬ ಒಂದು ಸಾಲು ಓದಿಕೊಂಡು ಯಾರಾದರೂ ಕೆಟ್ಟ ಮಣ್ಣಿನಲ್ಲಿ ಊಟದ ಬೆಳೆ ಹಾಕಿಬಿಟ್ಟರೆ ಅನ್ನುವ ಭಯ ನನಗೆ ನಿಜವಾಗಿಯೂ ಇದೆ.

ಎಣ್ಣೆಯ ಕಥೆ ಬೇರೆ. ಸಮುದ್ರದಲ್ಲಿ ಕಚ್ಚಾ ತೈಲ ಚೆಲ್ಲಿದರೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಆಹಾರವಾಗಿ ಬಳಸುತ್ತವೆ. ತೈಲದಲ್ಲಿರುವುದು ಬಹುಪಾಲು ಇಂಗಾಲ ಮತ್ತು ಹೈಡ್ರೋಜನ್, ಅದು ಮುರಿದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಅಲ್ಲಿಗೆ ಆ ಮಾಲಿನ್ಯ ಮುಗಿಯಿತು. ಲೋಹವನ್ನು ಹಾಗೆ ಮುರಿಯಲಾಗದು. ಕ್ಯಾಡ್ಮಿಯಂ ಒಂದು ಮೂಲಧಾತು, ಇವತ್ತೂ ಕ್ಯಾಡ್ಮಿಯಂ, ಸಾವಿರ ವರ್ಷ ಆದಮೇಲೂ ಕ್ಯಾಡ್ಮಿಯಂ. ಬ್ಯಾಕ್ಟೀರಿಯಾ ಬದಲಾಯಿಸಬಹುದಾದದ್ದು ಎರಡೇ: ಲೋಹ ಯಾವ ರೂಪದಲ್ಲಿದೆ, ಎಲ್ಲಿದೆ. ನೀರಿನಲ್ಲಿ ಕರಗಿದ್ದನ್ನು ಗಟ್ಟಿ ಮಾಡಬಹುದು. ಗಟ್ಟಿ ಇದ್ದದ್ದನ್ನು ಕರಗಿಸಲೂಬಹುದು. ಮಣ್ಣಿನಲ್ಲಿದ್ದದ್ದು ಗಿಡಕ್ಕೆ ಏರುವಂತೆ ಮಾಡಬಹುದು, ಏರದಂತೆಯೂ ಮಾಡಬಹುದು. ಒಳ್ಳೆಯದಾಗುವುದು, ಕೆಟ್ಟದಾಗುವುದು ಎಲ್ಲ ಇದರಲ್ಲೇ ಇದೆ.

ಹಾಗಾದರೆ ಅವು ಬದುಕುವುದಾದರೂ ಹೇಗೆ? ಈ ವಿಷಯದಲ್ಲಿ ಎಲ್ಲರಿಗಿಂತ ಹೆಸರು ಮಾಡಿರುವುದು ಕುಪ್ರಿಯಾವಿಡಸ್ ಮೆಟಾಲ್ಲಿಡ್ಯುರಾನ್ಸ್ ಎಂಬ ಬ್ಯಾಕ್ಟೀರಿಯಾ. 1976ರಲ್ಲಿ ಬೆಲ್ಜಿಯಂನ ಒಂದು ಸತು ಕಾರ್ಖಾನೆಯ ತೊಟ್ಟಿಯ ಕೆಸರಿನಲ್ಲಿ ಸಿಕ್ಕಿತು. ಆ ತಳಿಗೆ ಸಿಎಚ್34 ಎಂದು ಹೆಸರು. ಅದರಲ್ಲಿ ಮುಖ್ಯ ವರ್ಣತಂತುವಿನ ಜೊತೆಗೆ ಎರಡು ದೊಡ್ಡ ಪ್ಲಾಸ್ಮಿಡ್‌ಗಳಿವೆ (ಬೇರೆಯಾಗಿಯೇ ಇರುವ ಡಿಎನ್ಎ ತುಂಡುಗಳು), ಲೋಹ ತಾಳಿಕೊಳ್ಳುವ ಜೀನ್‌ಗಳು ಅವುಗಳಲ್ಲಿ ಗುಂಪುಗುಂಪಾಗಿ ಕೂತಿವೆ. ಅವುಗಳಲ್ಲಿ ಒಂದು ಗುಂಪಿಗೆ ಸಿಝಡ್‌ಸಿ ಎನ್ನುತ್ತಾರೆ. ಕೋಬಾಲ್ಟ್, ಸತು, ಕ್ಯಾಡ್ಮಿಯಂ ಮೂರನ್ನೂ ಹೊರಗೆ ತಳ್ಳುವ ಪಂಪು ಅದು. ದೋಣಿಯೊಳಗೆ ನೀರು ನುಗ್ಗುತ್ತಲೇ ಇದೆ, ಒಳಗೆ ಕೂತವನು ನಿಲ್ಲಿಸದೆ ಮೊಗೆದು ಎಸೆಯುತ್ತಲೇ ಇದ್ದಾನೆ, ಹಾಗೆ. ದೋಣಿ ಮುಳುಗುವುದಿಲ್ಲ, ಆದರೆ ಕೆರೆಯ ನೀರೂ ಕಡಿಮೆಯಾಗುವುದಿಲ್ಲ. ನನ್ನ ಪ್ಲೇಟಿನ ಮೇಲಿನ ಚುಕ್ಕಿಗಳಲ್ಲೂ ಹೀಗೆ ಪಂಪು ಹೊಡೆದು ಬದುಕಿದವು ಇದ್ದಿರಬಹುದು. ಲೋಹ ತಾಳಿಕೊಳ್ಳುವುದು ಬೇರೆ, ಲೋಹ ತೆಗೆಯುವುದು ಬೇರೆ. ಇವೆರಡನ್ನು ಒಂದೇ ಎಂದುಕೊಂಡು ಬರೆದಿರುವ ಬರಹಗಳು ಎಷ್ಟು ಜಾಸ್ತಿ ಅಂದರೆ, ನಾನೂ ಮೊದಲ ಮೂರು ತಿಂಗಳು ಹಾಗೇ ಅಂದುಕೊಂಡಿದ್ದೆ.

ಪಂಪು ಒಂದೇ ದಾರಿಯಲ್ಲ. ಕೆಲವು ಬ್ಯಾಕ್ಟೀರಿಯಾಗಳು ಮೈಸುತ್ತ ಲೋಳೆಯಂಥ ಹೊದಿಕೆ ಕಟ್ಟಿಕೊಂಡು ಅದರಲ್ಲಿ ಸೀಸ, ತಾಮ್ರ, ಕ್ಯಾಡ್ಮಿಯಂಗಳನ್ನು ಹಿಡಿದಿಡುತ್ತವೆ. ಕೆಲವು ಮಣ್ಣಿನ ಯೂರಿಯಾವನ್ನು ಒಡೆದು ಸುತ್ತಲಿನ ಕ್ಷಾರತೆ ಹೆಚ್ಚಿಸಿ, ಲೋಹ ಕಾರ್ಬೋನೇಟ್ ಆಗಿ ಕೂರುವಂತೆ ಮಾಡುತ್ತವೆ. ಕ್ರೋಮಿಯಂ ವಿಷಯದಲ್ಲಿ ನಿಜವಾಗಿಯೂ ಒಳ್ಳೆಯದಾಗುತ್ತದೆ. ಚರ್ಮ ಹದ ಮಾಡುವ, ಲೋಹಕ್ಕೆ ಲೇಪ ಕೊಡುವ ಜಾಗಗಳ ಸುತ್ತ ಸಿಗುವ ಆರರ ಕ್ರೋಮಿಯಂ (ಆರು ಎಲೆಕ್ಟ್ರಾನ್ ಕಳೆದುಕೊಂಡ ರೂಪ) ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಕ್ಯಾನ್ಸರ್ ತರುತ್ತದೆ. ಹಲವು ಬ್ಯಾಸಿಲಸ್ ಮತ್ತು ಸೂಡೊಮೊನಾಸ್ ತಳಿಗಳು ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಮೂರರ ಕ್ರೋಮಿಯಂ ಮಾಡುತ್ತವೆ. ಅದು ಹೆಚ್ಚು ಕರಗುವುದಿಲ್ಲ, ವಿಷವೂ ಎಷ್ಟೋ ಕಡಿಮೆ.

ಪಾದರಸದ ವಿಷಯ ಕೇಳಿದರೆ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ. ಪಾದರಸ ತಾಳುವ ಬ್ಯಾಕ್ಟೀರಿಯಾಗಳಲ್ಲಿ ಒಂದು ಕಿಣ್ವ ಇರುತ್ತದೆ, ಕರಗಿದ ಪಾದರಸವನ್ನು ಆವಿಯಾಗುವ ಲೋಹರೂಪದ ಪಾದರಸವಾಗಿ ಬದಲಾಯಿಸುತ್ತದೆ. ಪ್ಲೇಟಿನಿಂದ ಪಾದರಸ ನಿಜವಾಗಿಯೂ ಮಾಯವಾಗುತ್ತದೆ. ಹೋಗಿದ್ದು ಎಲ್ಲಿಗೆ? ಗಾಳಿಗೆ. ಗಾಳಿಯಿಂದ ಮತ್ತೆ ಮಳೆಗೆ, ಮತ್ತೆ ನೀರಿಗೆ. ಇನ್ನೊಂದು ಕಡೆ, ಆಮ್ಲಜನಕ ಇಲ್ಲದ ಕೆಸರಿನಲ್ಲಿ ಬದುಕುವ ಕೆಲವು ಸೂಕ್ಷ್ಮಜೀವಿಗಳು ಅದೇ ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾಡುತ್ತವೆ. ಆ ಕೆಲಸಕ್ಕೆ ಬೇಕಾದ ಎರಡು ಜೀನ್‌ಗಳನ್ನು ಗುರುತಿಸಿದ್ದು 2013ರಲ್ಲಿ. ಮೀಥೈಲ್ ಪಾದರಸ ಮೀನಿನಲ್ಲಿ ಸೇರುತ್ತಾ ಹೋಗುತ್ತದೆ, ಮೀನು ತಿಂದವರ ನರಗಳನ್ನು ಹಾಳು ಮಾಡುತ್ತದೆ. ಜಪಾನಿನ ಮಿನಮಾಟದಲ್ಲಿ ಜನರನ್ನು ಕೊಂದದ್ದು ಇದೇ ವಸ್ತು. ಅಲ್ಲಿ ಕಾರ್ಖಾನೆಯೇ ಅದನ್ನು ಕೊಲ್ಲಿಗೆ ಬಿಟ್ಟಿತ್ತು, 1956ರಲ್ಲಿ ರೋಗ ಅಧಿಕೃತವಾಗಿ ದಾಖಲಾಯಿತು. ಸೂಕ್ಷ್ಮಜೀವಿ ಲೋಹವನ್ನು ಬದಲಾಯಿಸುತ್ತದೆ ಎಂದ ಕೂಡಲೇ ಒಳ್ಳೆಯದಾಯಿತು ಎಂದು ಹೇಳಲಾಗದು ಅನ್ನುವುದಕ್ಕೆ ಪಾದರಸಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಬೆಳೆಯ ವಿಷಯಕ್ಕೆ ಬರುತ್ತೇನೆ, ನನಗೆ ತುಂಬಾ ಇಷ್ಟವಾದ ಭಾಗ ಇದು.

ಗಿಡಕ್ಕೆ ಕಷ್ಟ ಬಂದಾಗ, ಅಂದರೆ ಬರ, ಉಪ್ಪು, ಲೋಹ ಯಾವುದೇ ಇರಲಿ, ಅದು ಎಥಿಲೀನ್ ಎಂಬ ಅನಿಲವನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ಹಣ್ಣು ಮಾಗಿಸುವ ಅದೇ ಎಥಿಲೀನ್. ಸ್ವಲ್ಪ ಇದ್ದರೆ ಅದು ಎಚ್ಚರಿಕೆಯ ಗಂಟೆ, ಜಾಸ್ತಿಯಾದರೆ ಬೇರು ಬೆಳೆಯುವುದನ್ನೇ ನಿಲ್ಲಿಸುತ್ತದೆ, ಎಲೆ ಹಳದಿಯಾಗುತ್ತದೆ. ಗಿಡ ಎಥಿಲೀನ್ ಮಾಡುವುದು ಎಸಿಸಿ ಎಂಬ ಅಣುವಿನಿಂದ. ಬೇರಿನ ಸುತ್ತ ಇರುವ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಎಸಿಸಿ ಡಿಅಮೈನೇಸ್ ಎಂಬ ಕಿಣ್ವ ಇದೆ. ಬೇರಿನಿಂದ ಸೋರಿದ ಎಸಿಸಿಯನ್ನು ಅವು ಒಡೆದು ಅಮೋನಿಯಾ ಮಾಡಿಕೊಳ್ಳುತ್ತವೆ, ಅದು ಅವಕ್ಕೆ ಸಾರಜನಕದ ಊಟ. ಗಿಡದೊಳಗಿನ ಎಸಿಸಿ ಇಳಿಯುತ್ತದೆ, ಎಥಿಲೀನ್ ಇಳಿಯುತ್ತದೆ, ಬೇರು ಮತ್ತೆ ಉದ್ದವಾಗುತ್ತದೆ. ಈ ಲೆಕ್ಕವನ್ನು ಕೆನಡಾದ ವಿಜ್ಞಾನಿ ಬರ್ನಾರ್ಡ್ ಗ್ಲಿಕ್ ಮತ್ತು ಜೊತೆಗಾರರು 1998ರಲ್ಲಿ ಒಂದು ಮಾದರಿಯಾಗಿ ಬರೆದರು. ಬ್ಯಾಕ್ಟೀರಿಯಾ ತನ್ನ ಹೊಟ್ಟೆಪಾಡು ನೋಡಿಕೊಳ್ಳುತ್ತದೆ, ಗಿಡ ಉಸಿರಾಡುತ್ತದೆ. ಮೊದಲ ಸಲ ಓದಿದಾಗ ಎಷ್ಟು ಖುಷಿಯಾಗಿತ್ತೆಂದರೆ, ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಸಿಕ್ಕವರಿಗೆಲ್ಲ ಇದನ್ನೇ ವಿವರಿಸಿದ್ದೆ.

ಕಬ್ಬಿಣದ್ದು ಇನ್ನೊಂದು. ಮಣ್ಣಿನಲ್ಲಿ ಸತು, ಕ್ಯಾಡ್ಮಿಯಂ, ನಿಕ್ಕಲ್ ತುಂಬಿದಾಗ ಗಿಡಕ್ಕೆ ಕಬ್ಬಿಣ ಸಾಲದೆ ಎಲೆ ಬಿಳಿಚಿಕೊಳ್ಳುತ್ತದೆ. ಬ್ಯಾಕ್ಟೀರಿಯಾಗಳು ಸಿಡೆರೋಫೋರ್ ಎಂಬ ಸಣ್ಣ ಅಣುಗಳನ್ನು ಹೊರಗೆ ಬಿಟ್ಟು ಕಬ್ಬಿಣವನ್ನು ಬಾಚಿಕೊಳ್ಳುತ್ತವೆ, ಅದರಲ್ಲಿ ಸ್ವಲ್ಪ ಗಿಡಕ್ಕೂ ಸಿಗುತ್ತದೆ. ಇನ್ನು ಆಮ್ಲ ಬಿಟ್ಟು ರಂಜಕ ಕರಗಿಸುವುದು, ಬೇರಿಗೆ ಹಾರ್ಮೋನು ಕೊಡುವುದು ಇವೆಲ್ಲ ಗೊತ್ತಿರುವ ವಿಷಯ. 1978ರಿಂದಲೇ ಇಂಥವನ್ನು ಒಟ್ಟಾಗಿ ಸಸ್ಯವರ್ಧಕ ಬ್ಯಾಕ್ಟೀರಿಯಾ ಎಂದು ಕರೆಯುತ್ತಾ ಬಂದಿದ್ದಾರೆ.

ನನ್ನ ಪ್ರಾಜೆಕ್ಟಿನಲ್ಲಿ ಕೊನೆಗೆ ಮೂರು ತಳಿ ಉಳಿದವು. ಸಾಸಿವೆ ಬೀಜಗಳನ್ನು ಒಂದೊಂದು ತಳಿಯಲ್ಲಿ ನೆನೆಸಿ ಕ್ಯಾಡ್ಮಿಯಂ ಹಾಕಿದ ಮಣ್ಣಿನಲ್ಲಿ ಬಿತ್ತಿದೆ. ಬ್ಯಾಕ್ಟೀರಿಯಾ ಇಲ್ಲದ ಕುಂಡಗಳ ಸಸಿಗಳು ಕುಗ್ಗಿಹೋದವು. ಇದ್ದ ಕುಂಡಗಳಲ್ಲಿ ಎಲೆ ಅಗಲ, ಬೇರು ಉದ್ದ, ಬಣ್ಣ ಕಡು ಹಸಿರು. ಫೋಟೋ ತೆಗೆದು ನನ್ನ ಗೈಡ್ ಮೇಡಂಗೆ ತೋರಿಸಿದೆ. ಅವರು ನೋಡಿ, "ಚೆನ್ನಾಗಿದೆ. ಎಲೆಯಲ್ಲಿ ಕ್ಯಾಡ್ಮಿಯಂ ಎಷ್ಟಿದೆ?" ಎಂದು ಕೇಳಿದರು.

ನಾನು ಅಳೆದೇ ಇರಲಿಲ್ಲ.

ಅಳೆಯಲು ಇನ್ನೂ ಎರಡು ತಿಂಗಳು ಬೇಕಾಯಿತು. ಎಲೆ ಒಣಗಿಸಿ, ಆಮ್ಲದಲ್ಲಿ ಕರಗಿಸಿ, ಉಪಕರಣದ ಸರದಿಗೆ ಕಾದು. ಒಂದು ತಳಿ ಎಲೆಯಲ್ಲಿನ ಕ್ಯಾಡ್ಮಿಯಂ ಇಳಿಸಿತ್ತು. ಇನ್ನೊಂದು ಏರಿಸಿತ್ತು. ಮೂರನೆಯದರಲ್ಲಿ ಒಂದು ಗ್ರಾಂ ಎಲೆಗೆ ಲೆಕ್ಕ ಹಾಕಿದರೆ ಸ್ವಲ್ಪ ಕಡಿಮೆ, ಆದರೆ ಗಿಡವೇ ದೊಡ್ಡದಾದ್ದರಿಂದ ಗಿಡದಲ್ಲಿ ಒಟ್ಟು ಸೇರಿದ್ದು ಜಾಸ್ತಿ. ಮೂರೂ ಕುಂಡಗಳು ಕಣ್ಣಿಗೆ ಒಂದೇ ಥರ ಹಸಿರು. ಕಣ್ಣು ಹೇಳುವುದಕ್ಕೂ ಯಂತ್ರ ಹೇಳುವುದಕ್ಕೂ ಸಂಬಂಧವೇ ಇರಲಿಲ್ಲ.

ಯಾಕೆ ಹೀಗೆ ಎಂದು ಆಮೇಲೆ ಕೂತು ಯೋಚಿಸಿದರೆ ಉತ್ತರ ಅಷ್ಟು ಕಷ್ಟದ್ದಲ್ಲ. ಗಿಡಕ್ಕೆ ಕ್ಯಾಡ್ಮಿಯಂ ಬೇಡ, ಅದಕ್ಕೆಂದು ಬೇರಿನಲ್ಲಿ ಬಾಗಿಲೂ ಇಲ್ಲ. ಸತು, ಕಬ್ಬಿಣ, ಮ್ಯಾಂಗನೀಸ್‌ಗೆ ಇಟ್ಟ ಬಾಗಿಲುಗಳಿಂದ ಅದು ನುಸುಳುತ್ತದೆ. ಭತ್ತದಲ್ಲಿ ಮ್ಯಾಂಗನೀಸ್ ಒಳಗೆ ತರುವ ಪ್ರೋಟೀನೇ ಕ್ಯಾಡ್ಮಿಯಂನ ಹೆದ್ದಾರಿ ಎಂದು 2012ರಲ್ಲಿ ಗೊತ್ತಾಯಿತು. ಈಗ ಬ್ಯಾಕ್ಟೀರಿಯಾ ಬಿಡುವ ಆಮ್ಲ ರಂಜಕವನ್ನು ಕರಗಿಸುವ ಹಾಗೆಯೇ ಕ್ಯಾಡ್ಮಿಯಂ ಅನ್ನೂ ಕರಗಿಸುತ್ತದೆ. ಸಿಡೆರೋಫೋರ್ ಕಬ್ಬಿಣವನ್ನಷ್ಟೇ ಹಿಡಿಯುವುದಿಲ್ಲ, ಬೇರೆ ಲೋಹಗಳನ್ನೂ ಸಡಿಲ ಮಾಡುತ್ತದೆ. ಬೇರು ಉದ್ದವಾದಷ್ಟೂ ಹೆಚ್ಚು ಮಣ್ಣು ಮುಟ್ಟುತ್ತದೆ. ಹೀಗೆ ಬೆಳೆಗೆ ಒಳ್ಳೆಯದು ಎಂದು ನಾವು ಬರೆದುಕೊಳ್ಳುವ ಪ್ರತಿಯೊಂದು ಗುಣಕ್ಕೂ ಲೋಹವನ್ನು ಗಿಡಕ್ಕೆ ಸೇರಿಸುವ ಇನ್ನೊಂದು ಮುಖ ಇದೆ. ಅದರ ಮೇಲೆ ಕ್ಯಾಡ್ಮಿಯಂನ ಒಂದು ಕೆಟ್ಟ ಗುಣ ಸೇರಿಕೊಳ್ಳುತ್ತದೆ. ತಾಮ್ರ ಜಾಸ್ತಿಯಾದರೆ ಗಿಡ ತಾನೇ ಮೊದಲು ಸೊರಗಿ ನಮಗೆ ಸೂಚನೆ ಕೊಡುತ್ತದೆ. ಕ್ಯಾಡ್ಮಿಯಂ ಮನುಷ್ಯನಿಗೆ ಅಪಾಯವಾಗುವಷ್ಟು ಸೇರಿದ್ದರೂ ಗಿಡ ಆರೋಗ್ಯವಾಗಿ ಕಾಣಬಹುದು. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಸೇರಿದ ಅಕ್ಕಿಯನ್ನು ಜನ ವರ್ಷಗಟ್ಟಲೆ ಉಂಡರು. ಮೂಳೆ ಮೆತ್ತಗಾಗಿ ಮುರಿಯುತ್ತಿತ್ತು. ನೋವಿನ ಕೂಗನ್ನೇ ಆ ರೋಗಕ್ಕೆ ಹೆಸರಾಗಿ ಇಟ್ಟರು, ಇಟಾಯ್ ಇಟಾಯ್ ಎಂದು.

ಆದ್ದರಿಂದ ಯಾವುದೇ ತಳಿ ಬಳಸುವ ಮೊದಲು ಒಂದು ತೀರ್ಮಾನ ಆಗಬೇಕು. ಲೋಹ ಗಿಡಕ್ಕೆ ಏರಬೇಕಾ, ಮಣ್ಣಿನಲ್ಲೇ ಕೂರಬೇಕಾ? ಏರಬೇಕು ಎಂದರೆ ತಿನ್ನದ ಗಿಡ ಬೆಳೆದು, ಕಿತ್ತು, ಹೊರಗೆ ಸಾಗಿಸಬೇಕು. ಇದಕ್ಕೆಂದೇ ಹುಟ್ಟಿದಂಥ ಗಿಡಗಳಿವೆ. ನ್ಯೂ ಕ್ಯಾಲೆಡೋನಿಯಾ ದ್ವೀಪದ ಒಂದು ಮರದ ಹಾಲು ನೀಲಿಹಸಿರು, ಅದನ್ನು ಒಣಗಿಸಿದರೆ ನಾಲ್ಕನೇ ಒಂದು ಭಾಗ ನಿಕ್ಕಲ್! 1976ರಲ್ಲಿ ಇದನ್ನು ವರದಿ ಮಾಡಿದರು. ಆರ್ಸೆನಿಕ್ ಹೀರುವ ಒಂದು ಜರೀಗಿಡ 2001ರಲ್ಲಿ ಬೆಳಕಿಗೆ ಬಂತು. ಇಂಥ ಕೆಲವು ಗಿಡಗಳು ಚಿಕ್ಕವು, ನಿಧಾನ. ಬೇರು ಬೆಳೆಸುವ, ಲೋಹ ಕರಗಿಸುವ ಬ್ಯಾಕ್ಟೀರಿಯಾ ಇಲ್ಲಿ ನಿಜವಾದ ಸಹಾಯ. ನನ್ನ ಪ್ರಾಜೆಕ್ಟಿನಲ್ಲಿ ಎಲೆಗೆ ಕ್ಯಾಡ್ಮಿಯಂ ಏರಿಸಿದ ಎರಡನೆಯ ತಳಿಗೆ ಸರಿಯಾದ ಜಾಗ ಇದೇ. ಆದರೆ ಲೋಹ ತುಂಬಿದ ಸೊಪ್ಪನ್ನು ಏನು ಮಾಡುತ್ತೀರಿ ಎಂಬುದನ್ನು ಬಿತ್ತುವ ಮೊದಲೇ ಯೋಚಿಸಿರಬೇಕು. ದನಕ್ಕೆ ಹಾಕುವಂತಿಲ್ಲ, ಗೊಬ್ಬರ ಮಾಡುವಂತಿಲ್ಲ, ಸುಟ್ಟರೂ ಬೂದಿಯಲ್ಲಿ ಲೋಹ ಇದ್ದೇ ಇರುತ್ತದೆ. ಮಣ್ಣು ತುಂಬಾ ಕೆಟ್ಟಿದ್ದರೆ ಈ ಕೆಲಸ ಹತ್ತಾರು ವರ್ಷ ಹಿಡಿಯುತ್ತದೆ. ಜಿಂಜು ಬಯಲಿನ ಗದ್ದೆಗಳನ್ನು ಸರಿಪಡಿಸಿದ್ದು ಗಿಡದಿಂದಲೂ ಅಲ್ಲ, ಬ್ಯಾಕ್ಟೀರಿಯಾದಿಂದಲೂ ಅಲ್ಲ. ಕೆಟ್ಟ ಮಣ್ಣನ್ನು ಹೂತು ಮೇಲೆ ಒಳ್ಳೆಯ ಮಣ್ಣು ಹಾಕಿದರು. 1979ರಲ್ಲಿ ಶುರುವಾದದ್ದು 2012ರಲ್ಲಿ ಮುಗಿಯಿತು.

ಊಟದ ಬೆಳೆ ಬೇಕೇ ಬೇಕು ಎಂದರೆ ಲೋಹವನ್ನು ಮಣ್ಣಿನಲ್ಲೇ ಕಟ್ಟಿಹಾಕುವ ತಳಿ ಬೇಕು. ಇಲ್ಲೂ ಒಂದು ತೊಡಕು, ಕಟ್ಟಿದ ಗಂಟು ಬಿಚ್ಚಿಕೊಳ್ಳಬಹುದು. ಅಮೆರಿಕದ ಕೊಲೊರಾಡೊದ ರೈಫಲ್ ಎಂಬಲ್ಲಿ ಹಳೆಯ ಯುರೇನಿಯಂ ಘಟಕದ ಜಾಗದಲ್ಲಿ 2002ರಲ್ಲಿ ಅಂತರ್ಜಲಕ್ಕೆ ಅಸಿಟೇಟ್ (ವಿನೆಗರಿನ ಆಮ್ಲದ ಲವಣ) ಹಾಕಿದರು. ಅದನ್ನು ತಿಂದು ಜಿಯೋಬ್ಯಾಕ್ಟರ್ ಬ್ಯಾಕ್ಟೀರಿಯಾಗಳು ಹೆಚ್ಚಿದವು, ಕರಗಿದ ಯುರೇನಿಯಂ ಗಟ್ಟಿಯಾಗಿ ನೀರಿನಿಂದ ಇಳಿಯಿತು. ಕೆಲವು ವಾರಗಳಲ್ಲಿ ಬೇರೆ ಗುಂಪಿನ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದವು, ಯುರೇನಿಯಂ ಮತ್ತೆ ನೀರಿನಲ್ಲಿ ಏರತೊಡಗಿತು. ಗದ್ದೆಯಲ್ಲೂ ಇಂಥದ್ದೇ. ನೀರು ನಿಲ್ಲಿಸಿದರೆ ಕ್ಯಾಡ್ಮಿಯಂ ಸಲ್ಫೈಡ್ ಆಗಿ ಕೂರುತ್ತದೆ, ಅದೇ ನೀರಿನಲ್ಲಿ ಆರ್ಸೆನಿಕ್ ಬಿಡುಗಡೆಯಾಗಿ ಅಕ್ಕಿಗೆ ಹೋಗುತ್ತದೆ. ನೀರು ಬಸಿದರೆ ಆರ್ಸೆನಿಕ್ ಇಳಿಯುತ್ತದೆ, ಕ್ಯಾಡ್ಮಿಯಂ ಏಳುತ್ತದೆ. ಎರಡೂ ಇರುವ ಮಣ್ಣಿನಲ್ಲಿ ಏನು ಮಾಡಬೇಕು ಎಂದು ಕೇಳಿದರೆ ಸುಲಭದ ಉತ್ತರ ಯಾರ ಹತ್ತಿರವೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇದೆಲ್ಲ ವ್ಯರ್ಥವಾ ಎಂದು ಕೇಳಬೇಡಿ. ಬ್ಯಾಕ್ಟೀರಿಯಾ ನಿಜವಾಗಿ ಗೆದ್ದಿರುವ ಜಾಗ ಇದೆ, ಅದು ಹೊಲಕ್ಕೆ ಬರುವ ಮೊದಲು ಸಿಗುತ್ತದೆ. ನೆದರ್‌ಲ್ಯಾಂಡ್ಸ್‌ನ ಬುಡೆಲ್‌ನಲ್ಲಿ ಸತು ಕಾರ್ಖಾನೆಯ ಅಡಿಯ ಅಂತರ್ಜಲ ಸತು ಮತ್ತು ಸಲ್ಫೇಟ್‌ನಿಂದ ಕೆಟ್ಟಿತ್ತು. 1992ರಿಂದ ಆ ನೀರನ್ನು ಎತ್ತಿ ದೊಡ್ಡ ರಿಯಾಕ್ಟರಿಗೆ ಬಿಟ್ಟರು. ಸಲ್ಫೇಟ್ ಬಳಸಿ ಉಸಿರಾಡುವ ಬ್ಯಾಕ್ಟೀರಿಯಾಗಳು ಅಲ್ಲಿ ಸಲ್ಫೈಡ್ ಮಾಡಿದವು, ಸತು ಸಲ್ಫೈಡ್ ಆಗಿ ತಳಕ್ಕೆ ಕೂತಿತು, ಆ ಕೆಸರು ವಾಪಸ್ ಕಾರ್ಖಾನೆಯ ಕುಲುಮೆಗೆ ಹೋಯಿತು. ಲೋಹ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಅಲ್ಲಿ ಪೂರ್ತಿ ಉತ್ತರ ಇದೆ. ನನ್ನ ಅಭಿಪ್ರಾಯ ಕೇಳಿದರೆ ಹಣ, ಶ್ರಮ ಹೆಚ್ಚು ಹೋಗಬೇಕಾದದ್ದು ಇಲ್ಲಿಗೆ, ಪೈಪಿನ ಬಾಯಿಗೆ. ಮಣ್ಣಿಗೆ ಸೇರಿದ ಮೇಲೆ ಬೆನ್ನಟ್ಟುವುದು ಎಷ್ಟೋ ಪಟ್ಟು ಕಷ್ಟ. ಕ್ಯಾಡ್ಮಿಯಂ ಕಾರ್ಖಾನೆಯಿಂದಷ್ಟೇ ಬರುವುದಿಲ್ಲ ಅನ್ನುವುದೂ ಗೊತ್ತಿರಲಿ, ರಂಜಕದ ಗೊಬ್ಬರ ಮಾಡುವ ಕಲ್ಲಿನಲ್ಲೇ ಅದು ಇರುತ್ತದೆ. ಐರೋಪ್ಯ ಒಕ್ಕೂಟ 2022ರಿಂದ ರಂಜಕ ಗೊಬ್ಬರದಲ್ಲಿ ಕ್ಯಾಡ್ಮಿಯಂಗೆ ಮಿತಿ ಹಾಕಿದೆ, ಪ್ರತಿ ಕಿಲೋ ಫಾಸ್ಫರಸ್ ಪೆಂಟಾಕ್ಸೈಡಿಗೆ (ಗೊಬ್ಬರದ ರಂಜಕವನ್ನು ಲೆಕ್ಕ ಹಾಕುವ ರೂಪ ಇದು) 60 ಮಿಲಿಗ್ರಾಂ.

ಬಾಟಲಿಯಲ್ಲಿ ಬರುವ ಲೋಹ ತಾಳುವ ತಳಿಗಳ ಬಗ್ಗೆಯೂ ಒಂದಿಷ್ಟು ಹೇಳಬೇಕು. ಇಷ್ಟು ಸಾವಿರ ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಸೀಸ ತಾಳುತ್ತದೆ ಎಂಬ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಲ್ಯಾಬಿನಲ್ಲಿ ಬಳಸುವ ಪೋಷಕ ದ್ರವದ ಫಾಸ್ಫೇಟು, ಪೆಪ್ಟೋನು (ಒಡೆದ ಪ್ರೋಟೀನು) ಸೀಸವನ್ನು ಮೊದಲೇ ಹಿಡಿದುಬಿಡುತ್ತವೆ. ನನ್ನ ಪ್ಲೇಟಿನಲ್ಲೂ ಸೀಸ ಹಾಕಿದ ಕೂಡಲೇ ಬಿಳಿ ಮಡ್ಡಿ ಕಟ್ಟಿತ್ತು. ಬ್ಯಾಕ್ಟೀರಿಯಾಗೆ ತಾಗಿದ್ದು ಅದರಲ್ಲಿ ಚೂರುಪಾರು. ಎರಡನೆಯದು, ಇಂಥ ಮಣ್ಣಿನಲ್ಲಿ ಸಿಗುವ ತಳಿಗಳಲ್ಲಿ ಆಸ್ಪತ್ರೆಯಲ್ಲಿ ರೋಗ ತರುವ ಜಾತಿಯವೂ ಇರುತ್ತವೆ. ಸೂಡೊಮೊನಾಸ್ ಎರುಜಿನೋಸಾ ಗಿಡ ಬೆಳೆಸುತ್ತದೆ ಎಂದು ಬರೆದ ವರದಿಗಳನ್ನು ಓದಿದ್ದೇನೆ. ಅದೇ ಬ್ಯಾಕ್ಟೀರಿಯಾ ಸುಟ್ಟ ಗಾಯಗಳಲ್ಲಿ, ಶ್ವಾಸಕೋಶದಲ್ಲಿ ಸೋಂಕು ತರುತ್ತದೆ. ಮೂರನೆಯದು ನನ್ನನ್ನು ಹೆಚ್ಚು ಕಾಡುವುದು. ಲೋಹ ತಾಳುವ ಜೀನು ಮತ್ತು ಆಂಟಿಬಯೋಟಿಕ್ ತಾಳುವ ಜೀನು ಎಷ್ಟೋ ಸಲ ಒಂದೇ ಪ್ಲಾಸ್ಮಿಡ್ ಮೇಲೆ ಜೊತೆಗೇ ಇರುತ್ತವೆ. ಲೋಹ ಇರುವ ಮಣ್ಣು ಒಂದನ್ನು ಉಳಿಸಿದರೆ ಇನ್ನೊಂದೂ ಉಳಿಯುತ್ತದೆ, ಪಕ್ಕದ ಬ್ಯಾಕ್ಟೀರಿಯಾಗೂ ದಾಟುತ್ತದೆ. ಹೊಲಕ್ಕೆ ಸುರಿಯುವ ಮೊದಲು ಇದನ್ನು ಪರೀಕ್ಷೆ ಮಾಡಲೇಬೇಕು. ಕುಂಡದಲ್ಲಿ ಗೆದ್ದ ತಳಿ ಹೊಲದಲ್ಲಿ ಸೋಲುವುದಂತೂ ಮಾಮೂಲಿ. ಅಲ್ಲಿನ ಮಣ್ಣಿನ ಚಿಟಿಕೆಯಲ್ಲೇ ಕೋಟಿಗಟ್ಟಲೆ ಸ್ಥಳೀಯರು ಮೊದಲೇ ಜಾಗ ಹಿಡಿದು ಕೂತಿರುತ್ತಾರೆ, ಹೊಸಬನಿಗೆ ಕೆಲವೇ ವಾರ.

ನಿಮ್ಮ ಜಮೀನಿನ ಬಗ್ಗೆ ಅನುಮಾನ ಇದ್ದರೆ ಬ್ಯಾಕ್ಟೀರಿಯಾ ಹುಡುಕುವ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ, ಯಾವ ಲೋಹ ಎಷ್ಟಿದೆ ಎನ್ನುವುದರ ಜೊತೆ ಪಿಎಚ್, ಅಂದರೆ ಮಣ್ಣು ಎಷ್ಟು ಹುಳಿ ಎಂಬ ಅಳತೆ ಕೂಡ; ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ. ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ, ಸತು, ಸೀಸ ಸಡಿಲವಾಗಿರುತ್ತವೆ. ಸುಣ್ಣ ಹಾಕಿ ಪಿಎಚ್ ಏರಿಸಿದರೆ ಅವು ಬಹಳಷ್ಟು ಕಟ್ಟಿಕೊಳ್ಳುತ್ತವೆ, ಯಾವ ಬಾಟಲಿಯೂ ಬೇಡ. ಆರ್ಸೆನಿಕ್ ಇದ್ದರೆ ಮಾತ್ರ ಸುಣ್ಣ ಉಲ್ಟಾ ಹೊಡೆಯಬಹುದು, ಅದಕ್ಕೇ ಮೊದಲು ಪರೀಕ್ಷೆ. ತಳಿ ಬಳಸುವುದೇ ಆದರೆ ಎಲೆಯ ಬಣ್ಣ, ಗಿಡದ ಎತ್ತರ ತೋರಿಸಿದವರಿಗೆ ನಮ್ಮ ಮೇಡಂ ಕೇಳಿದ ಪ್ರಶ್ನೆಯನ್ನೇ ಕೇಳಿ. ಉತ್ತರ ಒಂದು ಸಂಖ್ಯೆಯಾಗಿರಬೇಕು, ಅದು ತಿನ್ನುವ ಭಾಗದ್ದಾಗಿರಬೇಕು, ಭತ್ತವಾದರೆ ಕಾಳಿನದ್ದು, ಸೊಪ್ಪಾದರೆ ಎಲೆಯದ್ದು, ಗೆಡ್ಡೆಯಾದರೆ ಗೆಡ್ಡೆಯದ್ದು, ಮತ್ತು ಬ್ಯಾಕ್ಟೀರಿಯಾ ಹಾಕದೆ ಅದೇ ಮಣ್ಣಿನಲ್ಲಿ ಬೆಳೆದ ಗಿಡದ ಸಂಖ್ಯೆ ಪಕ್ಕದಲ್ಲೇ ಇರಬೇಕು.